ಗ್ಯಾಪ್‌ಮೈಂಡರ್ ಬಬಲ್ ಚಾರ್ಟ್: ರೆಡಿಮೇಡ್ ಉತ್ತರಗಳನ್ನು ಕಿತ್ತು ಹಾಕುವ ಸಾಧನ

ಮೊದಲೇ ಹೇಳಿಬಿಡುತ್ತೇನೆ. ಕೆಲವು ದೇಶಗಳು ಯಾಕೆ ಶ್ರೀಮಂತವಾದವು, ಕೆಲವು ಯಾಕೆ ಬಡವಾಗಿಯೇ ಉಳಿದವು ಅನ್ನುವ ಪ್ರಶ್ನೆಗೆ ಗ್ಯಾಪ್‌ಮೈಂಡರ್ ಉತ್ತರ ಕೊಡುವುದಿಲ್ಲ. ಉತ್ತರ ಬೇಕು ಅಂತ ಹೋದವರು ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಆದರೆ ನಮ್ಮ ತಲೆಯಲ್ಲಿ ಆಗಲೇ ಕೂತಿರುವ ಉತ್ತರಗಳಿರುತ್ತವಲ್ಲ, ಅವುಗಳನ್ನು ಒಂದೊಂದಾಗಿ ಕಿತ್ತು ಹಾಕೋಕೆ ಇದರಷ್ಟು ಒಳ್ಳೆಯ ಸಾಧನ ನನಗೆ ಬೇರೆ ಸಿಕ್ಕಿಲ್ಲ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಅಭಿವೃದ್ಧಿಯ ಅಧ್ಯಾಯ ಬಂದಾಗಲೆಲ್ಲ ಪ್ರೊಜೆಕ್ಟರ್‌ನಲ್ಲಿ ಇದನ್ನೇ ಹಾಕುತ್ತೇನೆ. ಈ ವಿಮರ್ಶೆ ಆ ಬಳಕೆಯಿಂದ ಬಂದದ್ದು.

ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾಪ್‌ಮೈಂಡರ್ ಸ್ವೀಡನ್‌ನ ಒಂದು ಪ್ರತಿಷ್ಠಾನ. ವೈದ್ಯರಾಗಿದ್ದ ಹ್ಯಾನ್ಸ್ ರೋಸ್ಲಿಂಗ್, ಅವರ ಮಗ ಓಲಾ, ಸೊಸೆ ಆನಾ ಸೇರಿ 2005ರಲ್ಲಿ ಶುರು ಮಾಡಿದ್ದು. ಇದರ ಹಿಂದಿನ ಸಾಫ್ಟ್‌ವೇರನ್ನು 2007ರಲ್ಲಿ ಗೂಗಲ್ ಕೊಂಡುಕೊಂಡಿತ್ತು. ಹ್ಯಾನ್ಸ್ 2017ರಲ್ಲಿ ತೀರಿಕೊಂಡರು, ಕೆಲಸ ನಿಂತಿಲ್ಲ. ಬಬಲ್ ಚಾರ್ಟ್ ಅವರ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಅಂಕಿಅಂಶಗಳನ್ನೂ ಡೌನ್‌ಲೋಡ್ ಮಾಡಿಕೊಳ್ಳಬಹುದು.

ತೆರೆದ ತಕ್ಷಣ ಕಾಣುವುದು ಬಣ್ಣಬಣ್ಣದ ಗುಳ್ಳೆಗಳು. ಒಂದೊಂದು ಗುಳ್ಳೆ ಒಂದೊಂದು ದೇಶ. ಗುಳ್ಳೆ ದೊಡ್ಡದಿದ್ದರೆ ಜನಸಂಖ್ಯೆ ಜಾಸ್ತಿ. ಬಣ್ಣ ನೋಡಿದರೆ ಯಾವ ಖಂಡದ್ದು ಅಂತ ತಿಳಿಯುತ್ತದೆ. ಬಲಕ್ಕೆ ಹೋದಷ್ಟೂ ತಲಾ ಆದಾಯ ಹೆಚ್ಚು, ಮೇಲಕ್ಕೆ ಹೋದಷ್ಟೂ ಜನರ ಸರಾಸರಿ ಆಯಸ್ಸು ಹೆಚ್ಚು. ಕೆಳಗೆ ಒಂದು ಪ್ಲೇ ಬಟನ್ ಇದೆ. ಒತ್ತಿದರೆ ವರ್ಷಗಳು 1800ರಿಂದ ಓಡುತ್ತವೆ, ಗುಳ್ಳೆಗಳು ಹೊರಡುತ್ತವೆ.

1800ರಲ್ಲಿ ಎಲ್ಲ ಗುಳ್ಳೆಗಳೂ ಎಡಗಡೆ ಕೆಳಮೂಲೆಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಬ್ರಿಟನ್, ನೆದರ್ಲೆಂಡ್ಸ್ ಸ್ವಲ್ಪ ಬಲಕ್ಕೆ ಇವೆ, ಅಷ್ಟೇ. ಈ ಚಿತ್ರವನ್ನು ನಾನು ತುಸು ಹೊತ್ತು ಹಾಗೇ ಬಿಡುತ್ತೇನೆ. ಬಡತನಕ್ಕೆ ಕಾರಣ ಹುಡುಕುತ್ತಾ ಹೊರಡುವುದು ನಮ್ಮ ಅಭ್ಯಾಸ. ಆದರೆ ಹಿಂದಿನ ಕಾಲದಲ್ಲಿ ಎಲ್ಲರ ಸ್ಥಿತಿಯೂ ಬಡತನವೇ. ಕಾರಣ ಕೇಳಬೇಕಾದದ್ದು ಶ್ರೀಮಂತಿಕೆಗೆ. ಪಠ್ಯದಲ್ಲಿ ಇದನ್ನು ಬರೆದರೆ ಯಾರೂ ತಲೆ ಎತ್ತುವುದಿಲ್ಲ. ಪರದೆ ಮೇಲೆ ನೋಡಿದರೆ ಪ್ರಶ್ನೆ ತಾನಾಗೇ ತಿರುಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಆದಾಯದ ಅಕ್ಷ ಲಾಗ್ ಅಳತೆಯಲ್ಲಿದೆ. ಅಂದರೆ ಒಂದೊಂದು ಹೆಜ್ಜೆಗೂ ಆದಾಯ ದುಪ್ಪಟ್ಟು: 1,000, 2,000, 4,000, 8,000 ಡಾಲರ್, ಹೀಗೆ. ಲೀನಿಯರ್ ಅಂತ ಬದಲಾಯಿಸಿ ನೋಡಿ. ಬಡ ದೇಶಗಳೆಲ್ಲ ಎಡಗಡೆ ಗೋಡೆಗೆ ಅಂಟಿಕೊಳ್ಳುತ್ತವೆ, ಶ್ರೀಮಂತ ದೇಶಗಳು ಎಲ್ಲೋ ದೂರಕ್ಕೆ ಹೋಗಿಬಿಡುತ್ತವೆ. ಎರಡೂ ಚಿತ್ರ ನಿಜವೇ. ಲಾಗ್ ಅಳತೆ ಬೆಳವಣಿಗೆಯ ವೇಗ ತೋರಿಸೋಕೆ ಒಳ್ಳೆಯದು, ಅಂತರದ ಗಾತ್ರವನ್ನು ಮಾತ್ರ ಮೆತ್ತಗೆ ಮಾಡಿಬಿಡುತ್ತದೆ. ಬೋರ್ಡ್ ಮೇಲೆ ಒಂದು ಸಣ್ಣ ಲೆಕ್ಕವನ್ನೂ ಹಾಕಿಸುತ್ತೇನೆ. ಒಂದೇ ಕಡೆಯಿಂದ ಹೊರಟ ಎರಡು ದೇಶಗಳು. ಒಂದು ವರ್ಷಕ್ಕೆ ಶೇ 1ರಂತೆ ಬೆಳೆಯುತ್ತದೆ, ಇನ್ನೊಂದು ಶೇ 3ರಂತೆ. ನೂರು ವರ್ಷ ಕಳೆದರೆ ಮೊದಲನೆಯದು 2.7 ಪಟ್ಟು ಆಗುತ್ತದೆ, ಎರಡನೆಯದು 19 ಪಟ್ಟು. ಪವಾಡ ಏನೂ ಬೇಕಾಗಿಲ್ಲ, ಸುಮ್ನೆ ಎರಡು ಪರ್ಸೆಂಟ್ ವ್ಯತ್ಯಾಸ ಬಹಳ ಕಾಲ ನಡೆದರೆ ಸಾಕು. ಮಕ್ಕಳು ಕ್ಯಾಲ್ಕ್ಯುಲೇಟರ್ ಒತ್ತಿ ಒತ್ತಿ ನೋಡುತ್ತಾರೆ, ಯಾರಿಗೂ ಬೇಗ ನಂಬಿಕೆ ಬರಲ್ಲ.

ಆಮೇಲೆ ನಿಜವಾದ ಕೆಲಸ. ದೇಶಗಳು ಯಾಕೆ ಬಡವಾಗಿವೆ ಅಂತ ನಿಮಗೆ ಅನ್ನಿಸುತ್ತದೆ, ಹೇಳಿ ಅಂತ ಕೇಳುತ್ತೇನೆ. ಉತ್ತರಗಳು ಪ್ರತಿ ಸಲವೂ ಅವೇ. ಬಿಸಿಲು ಜಾಸ್ತಿ. ಜನ ಸೋಮಾರಿಗಳು. ಖನಿಜ ಸಂಪತ್ತು ಇಲ್ಲ. ಬೇರೆಯವರು ಆಳಿ ದೋಚಿಕೊಂಡು ಹೋದರು. ಎಲ್ಲವನ್ನೂ ಬರೆದುಕೊಂಡು ಒಂದೊಂದಕ್ಕೂ ಗುಳ್ಳೆ ಹುಡುಕಿ ಅಂತ ಬಿಡುತ್ತೇನೆ.

ಬಿಸಿಲಿನ ವಾದ ಬೇಗ ಬೀಳುತ್ತದೆ. ಸಿಂಗಪುರ ಸಮಭಾಜಕ ವೃತ್ತದ ಪಕ್ಕದಲ್ಲೇ ಇದೆ, ಗುಳ್ಳೆ ಬಲಗಡೆಯ ಅಂಚಿನಲ್ಲಿದೆ. ಪೂರ್ತಿ ಬಿಟ್ಟುಬಿಡೋ ಹಾಗೂ ಇಲ್ಲ ಅನ್ನಿ. ಮಲೇರಿಯಾ ಕಾಡುವ ನೆಲದಲ್ಲಿ, ಸಮುದ್ರ ತೀರವಿಲ್ಲದ ನೆಲದಲ್ಲಿ ದುಡಿದು ಮುಂದೆ ಬರುವುದು ಕಷ್ಟವೇ. ಆದರೆ ಕಷ್ಟ ಬೇರೆ, ಹಣೆಬರಹ ಬೇರೆ.

ಸೋಮಾರಿತನದ ವಾದಕ್ಕೆ ಎರಡು ಕೊರಿಯಾಗಳು ಸಾಕು. ಒಂದೇ ಜನ, ಒಂದೇ ಭಾಷೆ, ಒಂದೇ ಸಂಸ್ಕೃತಿ. 1945ರಲ್ಲಿ 38ನೇ ಅಕ್ಷಾಂಶದ ಮೇಲೆ ಗೆರೆ ಎಳೆದರು. ಆಗ ದೊಡ್ಡ ಕಾರ್ಖಾನೆಗಳು, ವಿದ್ಯುತ್ ಸ್ಥಾವರಗಳು ಹೆಚ್ಚಾಗಿ ಇದ್ದದ್ದು ಉತ್ತರದಲ್ಲಿ. ಇವತ್ತು ಎರಡೂ ಗುಳ್ಳೆಗಳು ಎಲ್ಲಿವೆ ನೋಡಿ. ಉತ್ತರ ಕೊರಿಯಾದ ಅಂಕಿಗಳು ಅಂದಾಜಿನವು, ಅವನ್ನು ಹಾಗೇ ನಂಬಬಾರದು. ಆದರೆ ಅಂದಾಜು ಎಷ್ಟೇ ತಪ್ಪಿದ್ದರೂ ಅಷ್ಟು ದೊಡ್ಡ ಅಂತರ ಮಾಯವಾಗಲ್ಲ.

ಖನಿಜದ ವಾದದಲ್ಲಿ ಮಜಾ ಇದೆ. ಕಾಂಗೋದಲ್ಲಿ ತಾಮ್ರ, ಕೋಬಾಲ್ಟ್, ವಜ್ರ ಎಲ್ಲ ಇದೆ, ಗುಳ್ಳೆ ಎಡಗಡೆಯಲ್ಲೇ ಇದೆ. ಜಪಾನಿನಲ್ಲಿ ಹೇಳಿಕೊಳ್ಳುವಂಥ ಖನಿಜ ಇಲ್ಲ, ಗುಳ್ಳೆ ಬಲಗಡೆ. ಇದನ್ನು ನೋಡಿದ್ದೇ ತಡ, ತರಗತಿ ಉಲ್ಟಾ ಹೊಡೆಯುತ್ತದೆ. ‘ಹಾಗಾದ್ರೆ ಖನಿಜ ಸಿಕ್ಕಿದ್ರೇ ದೇಶ ಹಾಳಾಗುತ್ತೆ ಅಲ್ವಾ ಮೇಡಂ?’ ಒಂದು ರೆಡಿಮೇಡ್ ಉತ್ತರ ಹೋಗಿ ಇನ್ನೊಂದು ಬಂತು. ಆಗ ಬೋಟ್ಸ್‌ವಾನ ಮತ್ತು ಸಿಯೆರಾ ಲಿಯೋನ್ ಎರಡನ್ನೂ ಟಿಕ್ ಮಾಡಿಸುತ್ತೇನೆ. ಎರಡೂ ಆಫ್ರಿಕದವು, ಎರಡೂ ಬ್ರಿಟಿಷರ ಕೈಕೆಳಗಿದ್ದವು, ಎರಡರಲ್ಲೂ ವಜ್ರ. ಸಿಯೆರಾ ಲಿಯೋನ್‌ನಲ್ಲಿ 1930ರಲ್ಲೇ ವಜ್ರ ಸಿಕ್ಕಿತು. 1991ರಿಂದ 2002ರವರೆಗೆ ಅಲ್ಲಿ ನಡೆದ ಅಂತರ್ಯುದ್ಧಕ್ಕೆ ಆ ವಜ್ರದ ದುಡ್ಡೂ ಉರುವಲಾಯಿತು. ಬೋಟ್ಸ್‌ವಾನ 1966ರಲ್ಲಿ ಸ್ವತಂತ್ರವಾದಾಗ ಇಡೀ ದೇಶದಲ್ಲಿ ಇದ್ದ ಟಾರು ರಸ್ತೆ ಸುಮಾರು 12 ಕಿಲೋಮೀಟರ್. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಆ ಜಾಗ ಇದ್ದದ್ದು ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲದಲ್ಲಿ. ಆದರೆ ನೆಲದಡಿಯ ಖನಿಜ ಬುಡಕಟ್ಟುಗಳದ್ದಲ್ಲ, ಇಡೀ ದೇಶದ್ದು ಅಂತ 1967ರಲ್ಲೇ ಕಾನೂನು ಆಯಿತು. ಗಣಿ ಕಂಪನಿಯ ಜೊತೆ ಮಾತುಕತೆ ಮಾಡಿ ಸರ್ಕಾರ ತನ್ನ ಪಾಲನ್ನು ಅರ್ಧಕ್ಕೆ ಏರಿಸಿಕೊಂಡಿತು. ಆ ದುಡ್ಡು ರಸ್ತೆ, ಶಾಲೆ, ಆಸ್ಪತ್ರೆಗೆ ಹೋಯಿತು.

ಬೋಟ್ಸ್‌ವಾನದ ಗುಳ್ಳೆಯನ್ನು ಪೂರ್ತಿ ಓಡಿಸಿ ನೋಡಿ. ಬಲಕ್ಕೆ ಬಲಕ್ಕೆ ಹೋಗುತ್ತಿದ್ದದ್ದು 1990ರ ದಶಕದಲ್ಲಿ ಇದ್ದಕ್ಕಿದ್ದಂತೆ ಕೆಳಗೆ ಬೀಳತೊಡಗುತ್ತದೆ. ಆದಾಯ ಏರುತ್ತಿದೆ, ಆಯಸ್ಸು ಕುಸಿಯುತ್ತಿದೆ. ಅದು ಎಚ್‌ಐವಿ. 2002ರಲ್ಲಿ ಸರ್ಕಾರ ಪುಕ್ಕಟೆ ಔಷಧಿ ಕೊಡೋಕೆ ಶುರು ಮಾಡಿತು. ಕೆಲವೇ ವರ್ಷಗಳಲ್ಲಿ ಗುಳ್ಳೆ ಮತ್ತೆ ಮೇಲಕ್ಕೆ ಹೊರಡುತ್ತದೆ. ಈ ಇಳಿತ ಮತ್ತು ಏರಿಕೆ ನೋಡುವಾಗ ತರಗತಿಯಲ್ಲಿ ಯಾರೂ ಮಾತಾಡುವುದಿಲ್ಲ. ಒಂದು ಕೋಷ್ಟಕದಿಂದ ಇದು ಸಾಧ್ಯವಿಲ್ಲ. ಈ ಒಂದು ಕಾರಣಕ್ಕೇ ನಾನು ಈ ಸಾಧನಕ್ಕೆ ಪೂರ್ತಿ ಅಂಕ ಕೊಟ್ಟುಬಿಡುತ್ತಿದ್ದೆ, ಬೇರೆ ಕೊರತೆಗಳು ಇಲ್ಲದಿದ್ದರೆ.

ಕೊರತೆಗಳಿಗೆ ಬರುವ ಮುಂಚೆ ಇನ್ನೊಂದು ಜೋಡಿ. ನನ್ನ ಪ್ರಕಾರ ಇಡೀ ಚಾರ್ಟಿನಲ್ಲಿ ಅತಿ ಹೆಚ್ಚು ಕಲಿಸುವುದು ದಕ್ಷಿಣ ಕೊರಿಯಾ ಮತ್ತು ಘಾನಾ. ಘಾನಾ ಸ್ವತಂತ್ರವಾದದ್ದು 1957ರಲ್ಲಿ. ಆ ಹೊತ್ತಿಗೆ ಎರಡೂ ದೇಶಗಳ ಆದಾಯ ಹತ್ತಿರ ಹತ್ತಿರ ಇತ್ತು. ಎರಡರ ಗುಳ್ಳೆಯನ್ನೂ ಕ್ಲಿಕ್ ಮಾಡಿದರೆ ಅವು ಹೋದ ದಾರಿಯಲ್ಲಿ ಜಾಡು ಬಿಡುತ್ತಾ ಹೋಗುತ್ತವೆ. ಕೊರಿಯಾದ ಜಾಡು 1960ರ ದಶಕದಿಂದ ಹೆಚ್ಚುಕಮ್ಮಿ ಒಂದೇ ನೇರಕ್ಕೆ ಬಲಕ್ಕೆ, ಮೇಲಕ್ಕೆ. ಘಾನಾದ್ದು ಅಲ್ಲೇ ಸುತ್ತಾಡುತ್ತದೆ. 1970ರ ದಶಕದಲ್ಲಿ ಎಡಕ್ಕೆ ಸರಿಯುತ್ತದೆ, ಅಂದರೆ ಜನ ಮೊದಲಿಗಿಂತ ಬಡವರಾದರು. 1983ರ ನಂತರವಷ್ಟೇ ಮತ್ತೆ ಮುಂದಕ್ಕೆ.

ಏನಾಯಿತು ಅನ್ನುವುದನ್ನು ಚಾರ್ಟ್ ಹೇಳುವುದಿಲ್ಲ. ಆ ಭಾಗ ಮೇಷ್ಟ್ರುಗಳ ಪಾಲಿಗೆ. ಘಾನಾ ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುತ್ತಿದ್ದ ದೇಶ. ರೈತ ತನ್ನ ಬೆಳೆಯನ್ನು ಸರ್ಕಾರದ ಮಂಡಳಿಗೇ ಮಾರಬೇಕಿತ್ತು. ಮಂಡಳಿ ಕೊಡುತ್ತಿದ್ದದ್ದು ಅಂತರರಾಷ್ಟ್ರೀಯ ಬೆಲೆಯ ಒಂದು ಪಾಲು ಮಾತ್ರ. ಉಳಿದದ್ದು ಸರ್ಕಾರಕ್ಕೆ. ಆ ದುಡ್ಡಿನಿಂದ ಕೈಗಾರಿಕೆ ಕಟ್ಟುತ್ತೇವೆ ಅಂದರು. ಸರ್ಕಾರ ಬದಲಾದರೂ ಪದ್ಧತಿ ಬದಲಾಗಲಿಲ್ಲ. ಅದರ ಮೇಲೆ ಅಲ್ಲಿನ ಹಣ ಸೆಡಿಯ ವಿನಿಮಯ ದರವನ್ನು ಸುಳ್ಳು ಮಟ್ಟದಲ್ಲಿ ಹಿಡಿದಿಟ್ಟಿದ್ದರು. ರೈತ ಏನು ಮಾಡಿಯಾನು? ಕೆಲವರು ಕೋಕೋವನ್ನು ಗಡಿ ದಾಟಿಸಿ ಐವರಿ ಕೋಸ್ಟ್‌ನಲ್ಲೋ ಟೋಗೋದಲ್ಲೋ ಮಾರಿದರು. ಕೆಲವರು ಹೊಸ ಗಿಡ ನೆಡುವುದನ್ನೇ ಬಿಟ್ಟರು. 1960ರ ದಶಕದ ಮಧ್ಯದಲ್ಲಿ 5 ಲಕ್ಷ ಟನ್ ದಾಟಿದ್ದ ಬೆಳೆ 1983–84ರ ಹೊತ್ತಿಗೆ ಸುಮಾರು 1.6 ಲಕ್ಷ ಟನ್‌ಗೆ ಇಳಿಯಿತು. ಕೊನೆಗೆ ಬರ, ಕಾಡ್ಗಿಚ್ಚು ಬೇರೆ ಸೇರಿಕೊಂಡವು. ಇಲ್ಲಿ ಸೋಮಾರಿಗಳು ಯಾರು? ರೈತ ಲೆಕ್ಕ ಹಾಕಿ ಸರಿಯಾಗೇ ನಡೆದುಕೊಂಡ. ಲೆಕ್ಕದ ನಿಯಮ ತಪ್ಪಿತ್ತು.

ಕೊರಿಯಾದಲ್ಲಿ 1950ರ ಸುಮಾರಿಗೆ ಭೂ ಸುಧಾರಣೆ ಆಯಿತು. ಒಬ್ಬರಿಗೆ ಹೆಚ್ಚುಕಮ್ಮಿ 3 ಹೆಕ್ಟೇರಿನ ಮಿತಿ. ಗೇಣಿದಾರ ಜಮೀನಿನ ಒಡೆಯನಾದ. 1960ರ ಹೊತ್ತಿಗೆ ಬಹುಪಾಲು ಮಕ್ಕಳು ಪ್ರಾಥಮಿಕ ಶಾಲೆಯಲ್ಲಿದ್ದರು. ಚಾರ್ಟಿನಲ್ಲೂ ಗಮನಿಸಿ, ಆದಾಯ ಒಂದೇ ಆಸುಪಾಸಿನಲ್ಲಿ ಇದ್ದಾಗಲೂ ಆಯಸ್ಸಿನಲ್ಲಿ ಕೊರಿಯಾ ಘಾನಾಗಿಂತ ಮೇಲೆ ಇದೆ. 1961ರಲ್ಲಿ ಪಾರ್ಕ್ ಚುಂಗ್-ಹೀ ಸೇನೆಯ ಬಲದಿಂದ ಅಧಿಕಾರಕ್ಕೆ ಬಂದರು. ರಫ್ತು, ರಫ್ತು, ರಫ್ತು. ತಿಂಗಳು ತಿಂಗಳೂ ರಫ್ತಿನ ಸಭೆ ನಡೆಯುತ್ತಿತ್ತು, ಅಧ್ಯಕ್ಷರೇ ಕೂರುತ್ತಿದ್ದರು. ಗುರಿ ಮುಟ್ಟಿದ ಕಂಪನಿಗೆ ಅಗ್ಗದ ಸಾಲ. ಆ ಕಾಲದ ಮುಖ್ಯ ರಫ್ತುಗಳು ಯಾವುವು ಗೊತ್ತಾ? ಪ್ಲೈವುಡ್, ಬಟ್ಟೆ ಮತ್ತು ವಿಗ್. ಹೌದು, ತಲೆಗೆ ಹಾಕಿಕೊಳ್ಳುವ ವಿಗ್. 1964ರಲ್ಲಿ ವರ್ಷದ ರಫ್ತು 10 ಕೋಟಿ ಡಾಲರ್ ಮುಟ್ಟಿದ್ದಕ್ಕೆ ಹಬ್ಬ ಮಾಡಿದರು. 1977ರಲ್ಲಿ ಅದು 1,000 ಕೋಟಿ ಡಾಲರ್ ಆಗಿತ್ತು. ವಿಗ್ ಮಾರಿದ ದೇಶ 1973ರಲ್ಲಿ ಪೋಹಾಂಗ್‌ನಲ್ಲಿ ಉಕ್ಕು ಕರಗಿಸಿತು. ಅಮೆರಿಕದ ನೆರವು ಇತ್ತು, ಹಿಂದೆ ಕೊರಿಯಾವನ್ನು ಆಳಿದ್ದ ಜಪಾನಿನ ಪರಿಹಾರದ ದುಡ್ಡೂ ಇತ್ತು. ನೆರವು ಬೇರೆ ಎಷ್ಟೋ ದೇಶಗಳಿಗೂ ಸಿಕ್ಕಿತ್ತಲ್ಲ.

ಈಗ ದೂರು. 1970ರಲ್ಲಿ ಸೋಲ್ ನಗರದಲ್ಲಿ ಚೋನ್ ಟೇ-ಇಲ್ ಅನ್ನುವ 22 ವರ್ಷದ ಗಾರ್ಮೆಂಟ್ಸ್ ಕೆಲಸಗಾರ ಮೈಗೆ ಬೆಂಕಿ ಹಚ್ಚಿಕೊಂಡ. ಕಾಗದದ ಮೇಲಿದ್ದ ಕಾರ್ಮಿಕ ಕಾನೂನನ್ನು ಪಾಲಿಸಿ ಅನ್ನುವುದಷ್ಟೇ ಅವನ ಬೇಡಿಕೆ. ಆ ವರ್ಷದ ಕೊರಿಯಾದ ಗುಳ್ಳೆಯನ್ನು ನೋಡಿದರೆ ಅದು ಆರಾಮಾಗಿ ಬಲಕ್ಕೆ ಹೋಗುತ್ತಿದೆ. ಸರಾಸರಿ ಅಂದರೆ ಹಾಗೇ. ಯಾರ ಬೆನ್ನಿನ ಮೇಲೆ ಆ ಬೆಳವಣಿಗೆ ಆಯಿತು ಅನ್ನುವುದು ಗುಳ್ಳೆಯೊಳಗೇ ಮುಚ್ಚಿಹೋಗಿದೆ.

ಸರಾಸರಿಯ ಮೋಸಕ್ಕೆ ಇನ್ನೂ ದೊಡ್ಡ ಉದಾಹರಣೆ ಈಕ್ವಟೋರಿಯಲ್ ಗಿನಿ. 1990ರ ದಶಕದ ಮಧ್ಯದಲ್ಲಿ ಅಲ್ಲಿ ಸಮುದ್ರದಿಂದ ತೈಲ ತೆಗೆಯಲು ಶುರು ಮಾಡಿದರು. ಗುಳ್ಳೆ ಬಲಕ್ಕೆ ಹಾರುತ್ತದೆ, ನಿಜಕ್ಕೂ ಹಾರುತ್ತದೆ. ಮೇಲಕ್ಕೆ ಮಾತ್ರ ಅಷ್ಟಾಗಿ ಏರಲ್ಲ. ದುಡ್ಡು ಬಂತು, ಜನರ ಬದುಕಿಗೆ ಬರಲಿಲ್ಲ. 1979ರಿಂದ ಅಲ್ಲಿ ಒಬ್ಬರೇ ಅಧ್ಯಕ್ಷರು, ತಿಯೊಡೊರೊ ಒಬಿಯಾಂಗ್. ಇಲ್ಲಿ ಎರಡು ಅಕ್ಷ ಇರುವುದರಿಂದ ಬಚಾವ್. ಬರೀ ತಲಾ ಆದಾಯದ ಪಟ್ಟಿ ನೋಡಿದ್ದರೆ ಶ್ರೀಮಂತ ದೇಶ ಅಂತಲೇ ಅಂದುಕೊಳ್ಳುತ್ತಿದ್ದೆವು. ಐರ್ಲೆಂಡಿನದ್ದು ಬೇರೆ ಥರ. 2015ರಲ್ಲಿ ಅಲ್ಲಿನ ಜಿಡಿಪಿ ಒಂದೇ ವರ್ಷದಲ್ಲಿ ಶೇ 26ರಷ್ಟು ಏರಿತು ಅಂತ ಲೆಕ್ಕ ಬಂತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟು ಗೀಟೆಂಟುಗಳನ್ನು ಐರ್ಲೆಂಡಿನ ಲೆಕ್ಕಪುಸ್ತಕಕ್ಕೆ ವರ್ಗಾಯಿಸಿದ್ದರು, ಅಷ್ಟೇ. ಜನರ ಜೇಬಿಗೆ ಅದರಲ್ಲಿ ಬಂದದ್ದು ಕಡಿಮೆ. ಕೊನೆಗೆ ಆ ದೇಶವೇ ತನಗಾಗಿ ಬೇರೆ ಅಳತೆ ಮಾಡಿಕೊಂಡಿತು. ಚಾರ್ಟಿನ ಅಕ್ಷಕ್ಕೆ ಇದೆಲ್ಲ ತಿಳಿಯಲ್ಲ.

ನನಗೆ ಅತಿ ದೊಡ್ಡದು ಅನ್ನಿಸುವ ಕೊರತೆ ಇನ್ನೊಂದಿದೆ. ಪ್ರತಿ ಗುಳ್ಳೆಯೂ ಒಂಟಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲದ ಹಾಗೆ ತೇಲುತ್ತವೆ. 1885ರಿಂದ 1908ರವರೆಗೆ ಕಾಂಗೋ ಬೆಲ್ಜಿಯಂನ ರಾಜ ಎರಡನೇ ಲಿಯೋಪೋಲ್ಡ್‌ನ ಖಾಸಗಿ ಆಸ್ತಿಯಾಗಿತ್ತು. ರಬ್ಬರಿಗಾಗಿ ಜನರನ್ನು ಹಿಂಸಿಸಿದರು, ಕೈ ಕತ್ತರಿಸಿದರು. ಆ ವರ್ಷಗಳನ್ನು ಚಾರ್ಟಿನಲ್ಲಿ ಓಡಿಸಿ. ಬೆಲ್ಜಿಯಂ ಬಲಗಡೆ, ಕಾಂಗೋ ಎಡಗಡೆ. ಎರಡರ ನಡುವೆ ಒಂದು ಎಳೆಯೂ ಕಾಣಿಸಲ್ಲ. ವಸಾಹತು ಆಳ್ವಿಕೆ ಒಂದೇ ಎಲ್ಲದಕ್ಕೂ ಕಾರಣ ಅನ್ನುವ ವಾದವನ್ನು ಈ ಚಾರ್ಟಿನಿಂದ ಅಲುಗಾಡಿಸಬಹುದು. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಕೈಯಲ್ಲಿತ್ತು, ಮುಂದೆ ಬಂತು. ಇಥಿಯೋಪಿಯ 1936ರಿಂದ ಐದು ವರ್ಷ ಇಟಲಿಯ ಹಿಡಿತದಲ್ಲಿ ಇದ್ದದ್ದು ಬಿಟ್ಟರೆ ಸ್ವತಂತ್ರವಾಗೇ ಇತ್ತು, ಬಡವಾಗೇ ಉಳಿಯಿತು. ಆದರೆ ದೋಚಿದ್ದಕ್ಕೆ ಲೆಕ್ಕವೇ ಇಲ್ಲ ಅನ್ನುವ ಅರ್ಥ ಬರಬಾರದು. ಚಾರ್ಟ್ ನೋಡಿದವರು ಆ ಅರ್ಥ ಮಾಡಿಕೊಳ್ಳುವ ಅಪಾಯ ಇದೆ. ಅದಕ್ಕೇ ನಾನು ಕಾಂಗೋ ತೋರಿಸುವಾಗ ಚಾರ್ಟ್ ನಿಲ್ಲಿಸಿ ಬಾಯಲ್ಲೇ ಹೇಳುತ್ತೇನೆ.

ಗಡಿಗಳ ವಿಷಯವೂ ಹಾಗೆಯೇ. 1800ನೇ ಇಸವಿಯಲ್ಲೂ ಇವತ್ತಿನ ದೇಶಗಳೇ ಇರುತ್ತವೆ. ಆಗ ಇಲ್ಲದ ದೇಶಕ್ಕೂ ಒಂದು ಗುಳ್ಳೆ. ಹಳೆಯ ಅಂಕಿಗಳು ಬಹುಪಾಲು ಅಂದಾಜು. ಇದನ್ನು ಗ್ಯಾಪ್‌ಮೈಂಡರ್‌ನವರೇ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ, ಅದು ಮೆಚ್ಚುವ ವಿಷಯ.

2024ರ ಅರ್ಥಶಾಸ್ತ್ರದ ನೊಬೆಲ್ ಡರೋನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಅವರಿಗೆ ಬಂತಲ್ಲ. ಕಾನೂನು, ಆಸ್ತಿಯ ಹಕ್ಕು, ಅಧಿಕಾರ ಯಾರ ಕೈಯಲ್ಲಿದೆ ಅನ್ನುವುದೇ ಮುಖ್ಯ ಎಂಬುದು ಅವರ ವಾದದ ಸಾರ. ಘಾನಾದ ಕೋಕೋ, ಬೋಟ್ಸ್‌ವಾನದ ವಜ್ರ ನೋಡಿದ ಮೇಲೆ ನನಗೂ ಅದು ಹೆಚ್ಚು ಹತ್ತಿರ ಅನ್ನಿಸುತ್ತದೆ. ಆದರೆ ಚಾರ್ಟ್ ಈ ಉತ್ತರವನ್ನೂ ಸುಮ್ಮನೆ ಬಿಡಲ್ಲ. ಚೀನಾ ಒತ್ತಿ. 1960ರ ಸುಮಾರಿಗೆ ಬರಗಾಲದ ಭಾರಿ ಕುಸಿತ. 1978ರಲ್ಲಿ ಶಿಯಾವೋಗಾಂಗ್ ಹಳ್ಳಿಯ 18 ಮನೆಯವರು ಗುಟ್ಟಾಗಿ ಜಮೀನು ಹಂಚಿಕೊಂಡು, ಬೆಳೆದದ್ದರಲ್ಲಿ ಸರ್ಕಾರದ ಪಾಲು ಕೊಟ್ಟು ಉಳಿದದ್ದು ತಮಗೇ ಅಂತ ಕರಾರು ಬರೆದುಕೊಂಡರು. ಅದೇ ಕಾಲದಲ್ಲಿ ಸುಧಾರಣೆ ಶುರುವಾಗಿ ಗುಳ್ಳೆ ಬಲಕ್ಕೆ ಓಡಿತು. ಪ್ರಜಾಪ್ರಭುತ್ವ ಬರಲಿಲ್ಲ. ಪಾರ್ಕ್ ಕಾಲದ ಕೊರಿಯಾದಲ್ಲೂ ಇರಲಿಲ್ಲ. ಇನ್ನೊಂದು ಕಡೆ ಅರ್ಜೆಂಟೀನ ನೋಡಿ. 1913ರಲ್ಲಿ ಇಟಲಿ, ಸ್ಪೇನ್‌ಗಿಂತ ಮುಂದಿದ್ದ ದೇಶ. ಆಮೇಲಿನ ಅದರ ಜಾಡು ಗೋಜಲಾದ ನೂಲಿನ ಹಾಗೆ ಹಿಂದೆ ಮುಂದೆ ಸುತ್ತಿಕೊಂಡಿದೆ. ಅದನ್ನು ಒಂದೇ ವಾಕ್ಯದಲ್ಲಿ ವಿವರಿಸುವವರು ಸಿಕ್ಕರೆ ಅವರ ಮಾತನ್ನು ಅಷ್ಟಾಗಿ ನಂಬಬೇಡಿ.

ಬಳಕೆಯ ಬಗ್ಗೆ ಒಂದಿಷ್ಟು. ಫೋನಿನ ಪರದೆ ಇದಕ್ಕೆ ಚಿಕ್ಕದು, ಲ್ಯಾಪ್‌ಟಾಪಿನಲ್ಲೇ ನೋಡಿ. ಪೂರ್ತಿ ಒಮ್ಮೆಲೇ ಓಡಿಸಿದರೆ ಪಟಾಕಿ ನೋಡಿ ಎದ್ದುಬಂದಷ್ಟೇ ಆಗುತ್ತದೆ. ಎರಡೇ ದೇಶ ಆರಿಸಿಕೊಳ್ಳಿ, ವೇಗ ಕಡಿಮೆ ಮಾಡಿ, ತಿರುವು ಕಂಡಲ್ಲಿ ನಿಲ್ಲಿಸಿ. ಅಕ್ಷಗಳನ್ನೂ ಬದಲಾಯಿಸಬಹುದು. ಆಯಸ್ಸಿನ ಬದಲು ಶಿಶುಮರಣ, ತಾಯಿಗೆ ಎಷ್ಟು ಮಕ್ಕಳು ಹೀಗೆ ಬೇಕಾದಷ್ಟು ಇವೆ. ನೆಟ್ ನಂಬುವ ಹಾಗಿಲ್ಲದ ಕಡೆ ಪಾಠ ಮಾಡುವವರು ಆಫ್‌ಲೈನ್ ಆವೃತ್ತಿಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಅದೇ ಸಂಸ್ಥೆಯ ಡಾಲರ್ ಸ್ಟ್ರೀಟ್ ಕೂಡ ಒಂದು ಸಲ ನೋಡುವಂಥದ್ದು. ಬೇರೆ ಬೇರೆ ಆದಾಯದ ಮನೆಗಳ ಒಲೆ, ಹಾಸಿಗೆ, ಹಲ್ಲುಜ್ಜುವ ಬ್ರಷ್ಷಿನ ಫೋಟೋಗಳು ಅಲ್ಲಿವೆ. ಸರಾಸರಿಯೊಳಗೆ ಮುಚ್ಚಿಹೋದದ್ದು ಅಲ್ಲಿ ಸ್ವಲ್ಪ ಕಾಣುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಪರೀಕ್ಷೆಗೆ ಪಾಯಿಂಟ್ಸ್ ಬೇಕಾದವರಿಗೆ ಇದರಿಂದ ಪ್ರಯೋಜನ ಇಲ್ಲ. ಶುರು ಮಾಡೋಕೆ ಒಂದು ದೇಶ ಹೇಳಿ ಅಂದರೆ ಮಾರಿಷಸ್ ಅನ್ನುತ್ತೇನೆ. ಬರೀ ಕಬ್ಬು ನಂಬಿಕೊಂಡ, ಜನ ತುಂಬಿದ ಪುಟ್ಟ ದ್ವೀಪ. ಇದರ ಭವಿಷ್ಯ ಮಂಕು ಅಂತ 1961ರಲ್ಲಿ ಬರೆದವರು ಜೇಮ್ಸ್ ಮೀಡ್, 1977ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ. 1968ರಲ್ಲಿ ಸ್ವಾತಂತ್ರ್ಯ ಬಂದಲ್ಲಿಂದ ಅದರ ಗುಳ್ಳೆಯನ್ನು ಓಡಿಸಿ ನೋಡಿ. ಎಲ್ಲಿ ವೇಗ ಹಿಡಿಯಿತು ಅಂತ ಗುರುತು ಮಾಡಿಕೊಂಡ ಮೇಲೆ, 1970ರಲ್ಲಿ ಅಲ್ಲಿ ಬಂದ ರಫ್ತು ವಲಯದ ಕಾನೂನಿನಿಂದ ಓದೋಕೆ ಶುರು ಮಾಡಿ.